ನಮ್ಮ ಕ್ಯಾಂಪಿನ 411001: ಒಡೆಯದ ಸಂಖ್ಯೆ

ಪುಣೆ ಕ್ಯಾಂಪಿನಲ್ಲಿ ಇರೋರಿಗೆ 411001 ಬಾಯಿಪಾಠ. 1972ರಲ್ಲಿ ಪಿನ್‌ಕೋಡ್ ಬಂದಾಗ ಅಂಚೆಯವರು ಕಾಗದ ವಿಂಗಡಿಸೋಕೆ ಅಂತ ಮಾಡಿದ ಲೆಕ್ಕ ಅದು, ಗಣಿತ ನೋಡಿ ಕೊಟ್ಟಿದ್ದಲ್ಲ. ಆದರೂ ಬರೀ ಸಂಖ್ಯೆ ಅಂತ ನೋಡಿದ್ರೆ ಒಳ್ಳೇ ಮಾಲು ಸಿಗುತ್ತೆ.

ಮೊದಲು, ಇದು ಅವಿಭಾಜ್ಯ. ಖಾತ್ರಿ ಮಾಡೋದು ಹೇಗೆ? 641ರ ವರ್ಗ 410881, 642ರದ್ದು 412164. ಅಂದರೆ ಇದು ಒಡೆಯೋದಾದರೆ ಚಿಕ್ಕ ಅಪವರ್ತನ 641 ದಾಟೋ ಹಾಗಿಲ್ಲ. ಅಲ್ಲಿವರೆಗೆ ಇರೋ ಅವಿಭಾಜ್ಯಗಳು 116. ಎಲ್ಲದರಿಂದಲೂ ಭಾಗಿಸಿ, ಪ್ರತಿ ಸಲ ಏನಾದ್ರೂ ಶೇಷ ಉಳಿದೇ ಉಳಿಯುತ್ತೆ. 137ಕ್ಕೆ ಕೂದಲೆಳೆಯಲ್ಲಿ ತಪ್ಪಿತು ನೋಡಿ: 137×3000 = 411000.

ಇನ್ನೊಂದು ನನಗೆ ತುಂಬಾ ಇಷ್ಟ. 4ರಿಂದ ಭಾಗಿಸಿದಾಗ 1 ಉಳಿಯೋ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೀಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಫರ್ಮಾ ಹೇಳಿದ್ದು, ಆಯ್ಲರ್ ಸಾಧಿಸಿದ್ದು. ನಮ್ಮದು 400² + 501². ಇಷ್ಟು ದುಂಡಗೆ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಪುಣೆ ಅಂದಮೇಲೆ ಕಾಪ್ರೇಕರ್ ಬರಲೇಬೇಕು. 6174ರ ಆಟ ಕೊಟ್ಟ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1929ರಲ್ಲಿ ಪದವಿ ಪಡೆದವರು, ಆಮೇಲೆ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗ ಹೋಗೋ ಸಂಖ್ಯೆಗೆ ಅವರಿಟ್ಟ ಹೆಸರು 'ಹರ್ಷದ', ಹರ್ಷ ಕೊಡೋದು. 411001ರ ಮೊತ್ತ 7, ಭಾಗಿಸಿದರೆ ಶೇಷ 3. ಹರ್ಷದ ಅಲ್ಲ. 'ಸ್ವಯಂಭೂ' ಕೂಡ ಅಲ್ಲ, ಯಾಕಂದ್ರೆ 410975ಕ್ಕೆ ಅದರದೇ ಅಂಕಿಗಳ ಮೊತ್ತ 26 ಸೇರಿಸಿದರೆ ಇದು ಹುಟ್ಟುತ್ತೆ.

ಬಾಣೇರ್‌ನ 411045 ಮಾತ್ರ ಹರ್ಷದ: ಮೊತ್ತ 15, ಭಾಗಲಬ್ಧ 27403. ಹಿಂಜವಡಿಯ 411057ಕ್ಕೆ ಮೊತ್ತ 18, ಸಂಖ್ಯೆ ಬೆಸ, ಹಾಗಾಗಿ ಔಟ್.

ಇದನ್ನ ಕೇಳಿದ್ದೇ ನಮ್ಮ ಭಾವ ಶುರು ಮಾಡಿದ್ರು. "ನಿಮಗೆ ಏಳು ಆಗಿಬರಲ್ಲ, ಬಾಣೇರ್‌ಗೆ ಹೋಗಿ, ಅಲ್ಲಿ ಆರು ಬರುತ್ತೆ." ಮನೆಯಾಕೆಗೂ ಅರ್ಧ ಮನಸ್ಸು ಬಂತು. ಅಲ್ಲಿ ನಾವು ನೋಡಿದ ಮನೆಗೆ ಬಾಡಿಗೆ ಜಾಸ್ತಿ, ಮಗಳ ಶಾಲೆ ದೂರ.

ನಾನು ಲ್ಯಾಪ್‌ಟಾಪ್ ತೆಗೆದು ಎರಡನ್ನೂ ಹೆಕ್ಸಿಗೆ ತಿರುಗಿಸಿದೆ. 411001 ಅಲ್ಲಿ 64579, ಅಂಕಿಗಳ ಮೊತ್ತ 31. ಏಳು ಎಲ್ಲಿ ಹೋಯ್ತು? 411045 ಅಲ್ಲಿ 645ಎ5, 'ಎ' ಅಂದ್ರೆ ಹತ್ತು, ಮೊತ್ತ 30. ಬೆಸ ಸಂಖ್ಯೆಗೆ 30ರಿಂದ ಭಾಗ ಹೋಗಲ್ಲ, ಹರ್ಷವೂ ಹೋಯ್ತು! ಹರ್ಷದ, ಸ್ವಯಂಭೂ ಎಲ್ಲ ನಾವು ಹತ್ತು ಬೆರಳಿಟ್ಟುಕೊಂಡು ಬರೆಯೋ ರೀತಿಯ ಗುಣ. ಅವಿಭಾಜ್ಯ ಅನ್ನೋದು ಸಂಖ್ಯೆಯದೇ ಗುಣ, ಯಾವ ಲಿಪಿಯಲ್ಲಿ ಬರೆದರೂ ಬದಲಾಗಲ್ಲ. ಭಾವ "ಹೆಕ್ಸಲ್ಲಿ ಯಾರು ಜಾತಕ ಬರೀತಾರೆ" ಅಂದ್ರು. ಬಾಡಿಗೆ ಕರಾರು ಮಾತ್ರ ಕ್ಯಾಂಪಿನದೇ ಮುಂದುವರೀತು.

ಊರಿನ ಕಡೆಯದೂ ನೋಡಿದೆ. ಬೆಂಗಳೂರಿನ 560001, ಬೆಳಗಾವಿಯ 590001 ಎರಡೂ ಮೂರಕ್ಕೇ ಒಡೆಯುತ್ತವೆ. ಹುಬ್ಬಳ್ಳಿಯ 580020 ಹರ್ಷದ. ಧಾರವಾಡದ 580001 ನಿಮಗೆ ಬಿಟ್ಟಿದ್ದು, 761ರವರೆಗೆ ಭಾಗಿಸಿ ನೋಡಿ.