ನಿಮಗಿದು ಗೊತ್ತೆ? ಮಳೆ ಕಾಣದ ಅಟಕಾಮಾದ ಖನಿಜ ಸಿರಿ

ಚಿಲಿ ದೇಶದ ಉತ್ತರದಲ್ಲಿರುವ ಅಟಕಾಮಾ, ಜಗತ್ತಿನ ಅತಿ ಒಣ ಮರುಭೂಮಿಗಳಲ್ಲೊಂದು. ಆದರೆ ಅದರ ಒಡಲು ಬರಿದಲ್ಲ.

● 1832ರಲ್ಲಿ ಚಾನ್ಯಾರ್ಸಿಯೊ ಎಂಬಲ್ಲಿ ಬೆಳ್ಳಿ ಸಿಕ್ಕಿತು. ಸಮೀಪದ ಕೊಪಿಯಾಪೋ ಪಟ್ಟಣದಿಂದ ಅದಿರು ಸಾಗಿಸಲು 1851ರಲ್ಲಿ ಕಡಲತೀರದವರೆಗೆ ರೈಲು ಓಡಿತು.

● ಸೋಡಿಯಂ ನೈಟ್ರೇಟ್ ನೀರಲ್ಲಿ ಬೇಗ ಕರಗುತ್ತದೆ. ಇಲ್ಲಿ ಮಳೆಯೇ ಇಲ್ಲದ್ದರಿಂದ ಅದು ನೆಲದಲ್ಲೇ ಉಳಿಯಿತು. ಅದಿರನ್ನು ಪುಡಿ ಮಾಡಿ, ದೊಡ್ಡ ತೊಟ್ಟಿಗಳಲ್ಲಿ ಬಿಸಿನೀರಿನಲ್ಲಿ ಕರಗಿಸಿ, ತಿಳಿ ಆರಿದಾಗ ಕೂತ ಹರಳುಗಳನ್ನು ಒಣಗಿಸುತ್ತಿದ್ದರು. ಗೊಬ್ಬರಕ್ಕೂ ಸಿಡಿಮದ್ದಿಗೂ ಅದೇ ಬೇಕಿತ್ತು.

● ಈ ಸಂಪತ್ತಿನ ಸಲುವಾಗಿ ಚಿಲಿಯು ಪೆರು, ಬೊಲಿವಿಯಾಗಳ ಜೊತೆ 1879ರಿಂದ ಯುದ್ಧ ಮಾಡಿತು. ಬೊಲಿವಿಯಾ ತನ್ನ ಕಡಲತೀರವನ್ನೇ ಕಳೆದುಕೊಂಡಿತು.

● 1913ರಲ್ಲಿ ಜರ್ಮನಿಯಲ್ಲಿ ಕೃತಕ ಅಮೋನಿಯಾ ತಯಾರಿಕೆ ಶುರುವಾದ ಮೇಲೆ ಗೊಬ್ಬರ, ಸಿಡಿಮದ್ದುಗಳನ್ನು ಅದರಿಂದಲೇ ಮಾಡಬಹುದಾಗಿ, ಈ ಗಣಿಗಳ ನೈಟ್ರೇಟ್‌ಗೆ ಬೇಡಿಕೆ ಕುಸಿಯುತ್ತಾ ಬಂತು. ಜನ ತೊರೆದ ಹಂಬರ್‌ಸ್ಟೋನ್ ಗಣಿ ಊರು 2005ರಿಂದ ವಿಶ್ವ ಪರಂಪರೆಯ ತಾಣ.

● 1899ರಲ್ಲಿ ಚುಕಿಕಮಾಟಾದ ಹಳೆಯ ತಾಮ್ರದ ಗಣಿಯಲ್ಲಿ, ಕೆಲಸ ಮಾಡುತ್ತಲೇ ಸತ್ತ ಪ್ರಾಚೀನ ಗಣಿಗಾರನ ದೇಹ ಸಿಕ್ಕಿತು. ತಾಮ್ರದ ಲವಣಗಳಿಂದ ಅದು ಹಸಿರಾಗಿತ್ತು.

● ಹಸಿರು ಬಣ್ಣದ ತಾಮ್ರದ ಖನಿಜ ‘ಅಟಕಾಮೈಟ್’ಗೆ ಹೆಸರು ಕೊಟ್ಟದ್ದು ಈ ಮರುಭೂಮಿಯೇ.

● ಮೊಬೈಲ್, ವಿದ್ಯುತ್ ವಾಹನಗಳ ಬ್ಯಾಟರಿಗೆ ಬೇಕಾದ ಲಿಥಿಯಂ ಇಂದು ಇಲ್ಲಿನ ಉಪ್ಪುಬಯಲಿನಿಂದಲೂ ಬರುತ್ತಿದೆ.