ಟೆನಿಸನ್ ಕವಿಯ ಸಮುದ್ರಗೀತ

ಶೋಕವನ್ನು ಹಾಡಿದ ಕವಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ತನ್ನ ಶೋಕಕ್ಕೆ ಮಾತು ದೊರೆಯದೆಂಬುದನ್ನೇ ವಸ್ತುವಾಗಿ ಮಾಡಿಕೊಂಡು, ಅದನ್ನು ಹದಿನಾರೇ ಪಂಕ್ತಿಗಳಲ್ಲಿ ಹೇಳಿ ಮುಗಿಸಿದವರು ವಿರಳ. ಆಲ್ಫ್ರೆಡ್ ಟೆನಿಸನ್ 1842ರಲ್ಲಿ ಪ್ರಕಟಿಸಿದ, 'ಬ್ರೇಕ್' ಎಂಬ ಒಂದೇ ಶಬ್ದದ ಮೂರಾವೃತ್ತಿಯಿಂದ ಹೆಸರಾದ ಗೀತವು ಅಂತಹುದು. ನಮ್ಮಲ್ಲಿ ಹಲವರು ಅದನ್ನು ವಿದ್ಯಾರ್ಥಿದೆಸೆಯಲ್ಲಿ ಓದಿ, ಸುಲಭವಾದ ಪದ್ಯವೆಂದು ಬದಿಗಿಟ್ಟಿರಬಹುದು. ಆ ಸೌಲಭ್ಯದ ಒಳಗೆ ಏನಿದೆಯೆಂಬುದನ್ನು ಈಗ ವಿಚಾರಿಸೋಣ.

ಮೊದಲು ಸಂದರ್ಭವನ್ನು ತಿಳಿಯಬೇಕು. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಟೆನಿಸನ್ನನಿಗೆ ಆರ್ಥರ್ ಹೆನ್ರಿ ಹ್ಯಾಲಮ್ ಎಂಬ ಮಿತ್ರನು ದೊರೆತನು. ಕವಿಯ ತಂಗಿಯಾದ ಎಮಿಲಿಗೂ ಅವನಿಗೂ ವಿವಾಹ ನಿಶ್ಚಯವಾಗಿತ್ತು. ತಂದೆಯೊಡನೆ ಪ್ರವಾಸ ಹೋಗಿದ್ದ ಹ್ಯಾಲಮ್ 1833ರ ಸೆಪ್ಟೆಂಬರಿನಲ್ಲಿ ವಿಯೆನ್ನಾ ನಗರದಲ್ಲಿ ಅಕಸ್ಮಾತ್ತಾಗಿ ತೀರಿಕೊಂಡನು. ಅವನಿಗೆ ಆಗ 22 ವರ್ಷ, ಕವಿಗೆ 24. ಶರೀರವನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದು, 1834ರ ಜನವರಿಯಲ್ಲಿ ಕ್ಲೀವ್‌ಡನ್ ಎಂಬ ಕಡಲತಡಿಯ ಊರಿನ ಚರ್ಚಿನಲ್ಲಿ ಸಮಾಧಿಮಾಡಿದರು. ಈ ಕಾರಣದಿಂದ ಗೀತದ ಸಮುದ್ರವು ಕ್ಲೀವ್‌ಡನ್ನಿನದೇ ಎಂದು ಭಾವಿಸಿದವರುಂಟು. ಆದರೆ ಅದು ತನಗೆ ಹೊಳೆದುದು ಲಿಂಕನ್‌ಷೈರಿನ ಒಂದು ಓಣಿಯಲ್ಲಿ, ಬೆಳಗಿನ ಐದು ಗಂಟೆಗೆ, ಹೂಬಿಟ್ಟ ಬೇಲಿಗಳ ನಡುವೆ ಎಂದು ಕವಿಯೇ ಹೇಳಿದ್ದಾನೆ. ಕಣ್ಣೆದುರಿಗಿದ್ದ ಹೂಗಳು ಪದ್ಯದೊಳಕ್ಕೆ ಬರಲಿಲ್ಲ; ಎದುರಿಗಿಲ್ಲದ ಸಮುದ್ರವು ಬಂದಿತು.

ಗೀತದ ನಡೆ ಹೀಗಿದೆ. ಬಂಡೆಗಳ ಮೇಲೆ ಅಪ್ಪಳಿಸೆಂದು ಕವಿಯು ಸಮುದ್ರಕ್ಕೆ ಹೇಳುತ್ತಾನೆ. ತನ್ನಲ್ಲಿ ಏಳುವ ಭಾವಗಳನ್ನು ನುಡಿಯಲು ತನ್ನ ನಾಲಗೆಗೆ ಶಕ್ತಿಯಿದ್ದಿದ್ದರೆ ಎಂದು ಹಂಬಲಿಸುತ್ತಾನೆ. ಅನಂತರ ಬೆಸ್ತರ ಹುಡುಗನು ತಂಗಿಯೊಡನೆ ಆಡುತ್ತ ಕೂಗುತ್ತಾನೆ. ದೋಣಿಯ ಮೇಲಿನ ತರುಣನು ಹಾಡುತ್ತಾನೆ. ಹಡಗುಗಳು ತಮ್ಮ ತಮ್ಮ ರೇವನ್ನು ಸೇರುತ್ತವೆ. ಕವಿಗೆ ಬೇಕಾದುದು ಇಲ್ಲವಾದ ಒಂದು ಕೈಯ ಸ್ಪರ್ಶ, ನಿಂತುಹೋದ ಒಂದು ಧ್ವನಿ. ಕಡೆಯಲ್ಲಿ ಅಲೆಗಳು ಮತ್ತೆ ಅಪ್ಪಳಿಸುತ್ತವೆ. ಕಳೆದ ದಿನದ ಸೊಬಗು ಮಾತ್ರ ಮರಳುವುದಿಲ್ಲ.

ಇಲ್ಲಿ ಎಲ್ಲರಿಗೂ ಧ್ವನಿಯುಂಟೆಂಬುದನ್ನು ಗಮನಿಸಬೇಕು. ಸಮುದ್ರವು ಮೊರೆಯುತ್ತದೆ, ಬಾಲಕನು ಕೂಗುತ್ತಾನೆ, ನಾವಿಕನು ಹಾಡುತ್ತಾನೆ. ಧ್ವನಿಯಿಲ್ಲದವರು ಇಬ್ಬರೇ: ಸತ್ತವನು ಮತ್ತು ಅವನಿಗಾಗಿ ಅಳುವವನು. ಸಮುದ್ರಕ್ಕೆ ಘೋಷವಿದೆ, ದುಃಖವಿಲ್ಲ. ಕವಿಗೆ ದುಃಖವಿದೆ, ಘೋಷವಿಲ್ಲ. ಪ್ರಕೃತಿಗೆ ಮನುಷ್ಯಭಾವವನ್ನು ಆರೋಪಿಸುವ ಕವಿರೂಢಿಯನ್ನು ರಸ್ಕಿನ್ 1856ರಲ್ಲಿ ವಿಮರ್ಶಿಸಿದನು. ಅದಕ್ಕೆ ಮುಂಚೆಯೇ ಟೆನಿಸನ್ ಈ ಪದ್ಯದಲ್ಲಿ ಸಮುದ್ರವನ್ನು ಅಳಿಸದೆ ಬಿಟ್ಟಿದ್ದಾನೆ. ಅವನ ಆಜ್ಞೆಯಿದ್ದರೂ ಇಲ್ಲದಿದ್ದರೂ ಅಲೆಯು ಒಡೆಯುತ್ತಲೇ ಇರುವುದು.

ಛಂದಸ್ಸು ಈ ಅರ್ಥವನ್ನೇ ಹಿಡಿದು ನಡೆಯುತ್ತದೆ. ಮೊದಲ ಪಂಕ್ತಿಯಲ್ಲಿ ಮೂರೇ ಅಕ್ಷರ; ಎರಡನೆಯದರಲ್ಲಿ ಏಳು. ಆದರೂ ಎರಡಕ್ಕೂ ಮೂರು ಮೂರು ಸ್ವರಾಘಾತಗಳಿರುವುದರಿಂದ ಓದಲು ಹೆಚ್ಚು ಕಡಮೆ ಒಂದೇ ಕಾಲ ಬೇಕು. ಮಿಕ್ಕ ಕಾಲವನ್ನು ತುಂಬುವುದು ಮೌನ, ಎಂದರೆ ಎರಡು ಅಲೆಗಳ ನಡುವಣ ಬಿಡುವು. ಕೊನೆಯ ಎರಡು ಪದ್ಯಗಳ ಮೂರನೆಯ ಪಂಕ್ತಿಗಳಲ್ಲಿ, ಅಗಲಿದವನ ನೆನಪು ಬರುವ ಎಡೆಯಲ್ಲಿಯೇ, ಒಂದು ಆಘಾತ ಹೆಚ್ಚಾಗಿ ಸಾಲು ನೀಳವಾಗುತ್ತದೆ. ಮೊದಲ ಮತ್ತು ಕಡೆಯ ಪದ್ಯಗಳ ಅಂತ್ಯಪ್ರಾಸವೂ ಒಂದೇ: 'ಸೀ', 'ಮೀ', ಸಮುದ್ರ, ನಾನು. ಪ್ರಾಸದಿಂದ ಕೂಡಿದ ಈ ಎರಡರ ನಡುವೆ ಬೇರೆ ಯಾವ ಹೊಂದಿಕೆಯೂ ಇಲ್ಲ.

ಪರರ ಸುಖವನ್ನು ಕಂಡು ಕವಿಯು ಕರುಬುವನೇ? ಬಾಲಕನಿಗೂ ನಾವಿಕನಿಗೂ ಒಳ್ಳೆಯದೆಂದು ಅವನು ಹೇಳುವಾಗ ನೋವು ಇಲ್ಲದಿಲ್ಲ, ಶಾಪವಂತೂ ಇಲ್ಲ. ಮನೆಯಲ್ಲಿ ಸಾವಾದ ಮರುದಿನವೂ ಬೀದಿಯಲ್ಲಿ ಮಕ್ಕಳು ಆಡುವುದನ್ನು ನೋಡಿದವರೆಲ್ಲರಿಗೂ ಈ ಮನಃಸ್ಥಿತಿ ಪರಿಚಿತವೇ. ಲೋಕವು ನಿಲ್ಲಬೇಕೆಂದು ಅವರು ಕೇಳುವುದಿಲ್ಲ. ಅದು ನಡೆಯುತ್ತಿರುವುದನ್ನು ನೋಡಲು ಮಾತ್ರ ಅವರಿಗೆ ಕಷ್ಟವಾಗುತ್ತದೆ.

ನಮ್ಮ ಸಾಹಿತ್ಯಾಭ್ಯಾಸಿಗಳಿಗೆ ಇಲ್ಲಿ ರಘುವಂಶದ ಎಂಟನೆಯ ಸರ್ಗದ ಅಜವಿಲಾಪವು ನೆನಪಾಗುವುದು ಸಹಜ. ಅಜನು ಇಂದುಮತಿಯನ್ನು ಕರೆದು, ಅವಳ ಗುಣಗಳನ್ನು ಒಂದೊಂದಾಗಿ ಎಣಿಸಿ ಅಳುತ್ತಾನೆ. ಟೆನಿಸನ್ ಗೆಳೆಯನ ಹೆಸರನ್ನಾಗಲಿ ಗುಣವನ್ನಾಗಲಿ ಹೇಳುವುದಿಲ್ಲ. ಕೈ, ಧ್ವನಿ, ದಿನ ಎಂದಷ್ಟೇ ಸೂಚಿಸುತ್ತಾನೆ. ಅಲ್ಲಿ ಶೋಕವು ಮಾತಿನಿಂದ ತುಂಬಿದೆ, ಇಲ್ಲಿ ಮಾತಿನ ನಡುವಣ ತೆರಪಿನಿಂದ. ವಸಿಷ್ಠರ ಉಪದೇಶದಿಂದಲೂ ಅಜನಿಗೆ ಸಮಾಧಾನವಾಗದಂತೆ, ಈ ಗೀತದಲ್ಲಿಯೂ ಸಾಂತ್ವನವಿಲ್ಲ. ಅದನ್ನು ಹುಡುಕುವ ದೀರ್ಘಕಾವ್ಯವಾದ 'ಇನ್ ಮೆಮೋರಿಯಮ್' ಬೆಳಕು ಕಂಡುದು 1850ರಲ್ಲಿ, ಮಿತ್ರನ ಮರಣದ ಹದಿನೇಳನೆಯ ವರ್ಷದಲ್ಲಿ.

ಈ ಗೀತವನ್ನು ಮನಸ್ಸಿನಲ್ಲಿಯೇ ಓದಿ ಬಿಡಬಾರದು. ಗಟ್ಟಿಯಾಗಿ, ಮೊದಲ ಮೂರು ಶಬ್ದಗಳ ನಡುವೆ ಸಾಕಷ್ಟು ತಡೆದು ಓದಿದರೆ, ಇಲ್ಲಿ ನಾವು ವಿವರಿಸಿದುದನ್ನು ಕಿವಿಯೇ ಗ್ರಹಿಸುವುದು.