ಇರುಳಿನ ಬಿತ್ತನೆಗಾರ: ಕಬ್ಬೆಕ್ಕು

ಮಧ್ಯ ಹಾಗೂ ದಕ್ಷಿಣ ಅಮೆರಿಕದ ಉಷ್ಣವಲಯದ ಅರಣ್ಯಗಳಲ್ಲಿ ಕೊಆಟಿ ಎಂಬ ಪ್ರಾಣಿಯಿದೆ. ನೀಳವಾದ ಮೂತಿಯ ಈ ಜೀವಿಗಳಲ್ಲಿ ಹೆಣ್ಣುಗಳು ಮರಿಗಳೊಡನೆ ಗುಂಪುಗೂಡಿ, ಹಗಲಿಡೀ ತರಗೆಲೆಗಳನ್ನು ಕೆದಕುತ್ತ ಹುಳುಗಳನ್ನೂ ಹಣ್ಣುಗಳನ್ನೂ ತಿನ್ನುತ್ತವೆ. ಪ್ರಾಯದ ಗಂಡು ಒಂಟಿಯಾಗಿ ಅಲೆಯುತ್ತದೆ. ತಿಂದ ಹಣ್ಣಿನ ಬೀಜಗಳು ಹೀಗೆ ಕಾಡಿನುದ್ದಕ್ಕೂ ಹರಡುತ್ತವೆ. ಆ ವಂಶದ ಪ್ರಾಣಿ ಭಾರತದ ಕಾಡುಗಳಲ್ಲಿಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಅದೇ ಕಾರ್ಯವನ್ನು ಇರುಳಿನಲ್ಲಿ, ಸದ್ದಿಲ್ಲದೆ ನಡೆಸುವ ಜೀವಿಯೊಂದುಂಟು. ಅದೇ ಕಬ್ಬೆಕ್ಕು ಅಥವಾ ಮರಬೆಕ್ಕು.

ಹೆಸರಿನಲ್ಲಿ ಬೆಕ್ಕು ಇದ್ದರೂ ಇದು ಮಾರ್ಜಾಲ ವಂಶದ್ದಲ್ಲ. ಪುನುಗಿನ ಬೆಕ್ಕಿನ ಬಳಗದ್ದು. ಹಗಲು ಮರದ ಪೊಟರೆಯಲ್ಲಿಯೋ ಹಂಚಿನ ಮನೆಯ ಅಟ್ಟದಲ್ಲಿಯೋ ಮಲಗಿ, ಕತ್ತಲಾದೊಡನೆ ಹೊರಬೀಳುತ್ತದೆ. ಬಾಳೆ, ಹಲಸು, ಪಪ್ಪಾಯಿಗಳನ್ನು ಸೂರೆಗೊಳ್ಳುವುದರಿಂದ ಕೃಷಿಕನಿಗೆ ಇದರ ಮೇಲೆ ಕೋಪ. ಆ ಕೋಪ ನಿರಾಧಾರವೂ ಅಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಬೈನೆ ಮರದ ಹಣ್ಣಿನ ತಿರುಳು ಮುಟ್ಟಿದರೆ ಕೈ ತುರಿಸುತ್ತದೆ; ಕಬ್ಬೆಕ್ಕು ಅದನ್ನೂ ನುಂಗಿ, ಬೀಜಗಳನ್ನು ಕೆಡದಂತೆ ಬಂಡೆಯ ಮೇಲೆ, ಬಿದ್ದ ದಿಮ್ಮಿಯ ಮೇಲೆ ವಿಸರ್ಜಿಸುತ್ತದೆ. ಯಾರೂ ನೆಡದ ಬೈನೆ ತೋಟದಂಚಿನಲ್ಲಿ ತಲೆಯೆತ್ತುವುದರ ಹಿಂದೆ ಈ ಕೈವಾಡವುಂಟು.

ಚಾರ್ಮಾಡಿ, ಕುದುರೆಮುಖಗಳಂತಹ ಎತ್ತರದ ನಿತ್ಯಹರಿದ್ವರ್ಣದ ಕಾಡುಗಳು ಇದರ ಸೋದರ ಪ್ರಭೇದವಾದ ಕಂದು ಕಬ್ಬೆಕ್ಕಿನ ನೆಲೆ. ಮೈಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಕತ್ತಿನ ಹಿಂಬದಿಯ ಕೂದಲು ಮಾತ್ರ ತಲೆಯ ಕಡೆಗೆ ತಿರುಗಿರುತ್ತದೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ಇಲ್ಲ. 1990ರ ದಶಕದಲ್ಲಿ ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಅರಣ್ಯದಲ್ಲಿ ನಡೆದ ಅಧ್ಯಯನವು ಇದರ ಆಹಾರದ ಬಹುಭಾಗ ಹಣ್ಣೇ ಎಂದೂ, ಐವತ್ತಕ್ಕೂ ಹೆಚ್ಚು ಜಾತಿಯ ಸಸ್ಯಗಳ ಹಣ್ಣನ್ನು ತಿನ್ನುವುದೆಂದೂ ತೋರಿಸಿತು. ಸಣ್ಣ ಹಕ್ಕಿಗಳ ಕೊಕ್ಕಿಗೆ ನಿಲುಕದ ದಪ್ಪ ಬೀಜಗಳಿಗೆ ಇಂತಹ ವಾಹಕನೇ ಆಧಾರ.

ಈ ಪ್ರಭೇದದ ಶಾಸ್ತ್ರೀಯ ನಾಮದಲ್ಲಿ ಟಿ. ಸಿ. ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞನ ಹೆಸರು ಉಳಿದಿದೆ. 1867ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತ ಮಲಬಾರ್ ಪುನುಗು ಎಂಬ ಇನ್ನೊಂದು ದೊಡ್ಡ ಪ್ರಾಣಿಯ ಬಗೆಗೂ ಬರೆದಿದ್ದಾನೆ: ಹೊನ್ನಾವರದಿಂದ ಕನ್ಯಾಕುಮಾರಿಯವರೆಗಿನ ಕರಾವಳಿಯ ಮರಗಾಡಿನ ತಗ್ಗುನಾಡಿನಲ್ಲಿ ಅದು ವಿಪುಲವಾಗಿತ್ತಂತೆ. ಎಂದರೆ ನೇತ್ರಾವತಿಯ ದಡಗಳೂ ಅದರ ಸೀಮೆಯೊಳಗೇ ಬರುತ್ತಿದ್ದವು. ಅದು ಮರವೇರಿ ಬದುಕುವ ಪ್ರಾಣಿಯಲ್ಲ, ನೆಲದ ಮೇಲಿನ ಪೊದೆಗಳನ್ನು ನಂಬಿದ್ದು. ತಗ್ಗುನಾಡಿನ ಕಾಡು ಕರಗಿದಂತೆ ಅದೂ ಮರೆಯಾಯಿತು. 1987ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಎಳಯೂರಿನಲ್ಲಿ ಸಿಕ್ಕಿದ್ದು ಅದರ ಚರ್ಮಗಳು ಮಾತ್ರ. ಸವರದೆ ಬಿಟ್ಟ ಗೇರುತೋಪುಗಳ ದಟ್ಟ ಪೊದೆಗಳೇ ಅದರ ಕೊನೆಯ ಆಸರೆಯೆಂದು ಬಲ್ಲವರು ಊಹಿಸಿದ್ದರು. ಅಂತಹ ತೋಪುಗಳು ರಬ್ಬರಿಗೆ ಎಡೆಗೊಡುತ್ತಿದ್ದ ಕಾಲವದು. ಬೆಳ್ತಂಗಡಿಯ ಅನೇಕ ಗುಡ್ಡಗಳಲ್ಲಿಯೂ ಇಂದು ರಬ್ಬರಿದೆ. ಅಲ್ಲಿ ಪೊದೆಯೂ ಇಲ್ಲ, ಕಬ್ಬೆಕ್ಕಿಗೆ ಬೇಕಾದ ಹಣ್ಣೂ ಇಲ್ಲ.